ಅಮೆರಿಕಾಗೆ ಬರೋ ಅಪ್ಪ-ಅಮ್ಮಂದಿರಿಗೆ ಒಂದು ಶನಿವಾರ ಕಾಲೇಜ್ ಸ್ಟೇಡಿಯಂ ತೋರ್ಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣೀಲಿ ಅಮೆರಿಕಾ ಪ್ರವಾಸದ ಬಗ್ಗೆ ಬಂದಿದ್ದ ಬರಹ ಓದಿದೆ. ಮಕ್ಕಳನ್ನ ನೋಡೋಕೆ ಅಂತ ಬರೋ ಅಪ್ಪ ಅಮ್ಮಂದಿರು ಏನೇನು ನೋಡ್ಬೇಕು ಅಂತ ಪಟ್ಟಿ ಕೊಟ್ಟಿದ್ರಿ, ನಯಾಗರ, ಲಿಬರ್ಟಿ ಪ್ರತಿಮೆ, ವೈಟ್ ಹೌಸ್, ಡಿಸ್ನಿ, ಲಾಸ್ ವೇಗಸ್, ಎಲ್ಲಾ ಸರಿ, ನಾವೂ ನಮ್ಮ ಮನೆಗೆ ಬಂದೋರಿಗೆಲ್ಲಾ ಅದನ್ನೇ ತೋರಿಸಿದ್ದೀವಿ. ಆದ್ರೆ ಇಷ್ಟು ವರ್ಷದಿಂದ ಮಿಷಿಗನ್‌ನಲ್ಲಿ ಇದ್ದು ಸೆಪ್ಟೆಂಬರ್ ಬಂತು ಅಂದ್ರೆ ಶನಿವಾರ ಬೇರೆ ಕೆಲಸ ಇಟ್ಕೊಳ್ಳದೇ ಇರೋ ನಂಗೆ ಆ ಪಟ್ಟೀಲಿ ಒಂದು ಇಲ್ವಲ್ಲ ಅಂತ ತುಂಬಾನೇ ಅನ್ನಿಸ್ತು, ಅದಕ್ಕೇ ಈ ಪತ್ರ. ಇಲ್ಲಿನ ಕಾಲೇಜ್ ಫುಟ್ಬಾಲ್ ಸ್ಟೇಡಿಯಂಗಳು. ಈ ದೇಶದ ಜನ ಹೇಗೆ ಅಂತ ತಿಳ್ಕೋಬೇಕಾದ್ರೆ ನನ್ನ ಪ್ರಕಾರ ನಯಾಗರಕ್ಕಿಂತ ಅದೇ ಒಳ್ಳೇ ಜಾಗ, ಯಾಕಂದ್ರೆ ನಯಾಗರದಲ್ಲಿ ನೀವು ನೋಡೋದು ನೀರು, ಅಕ್ಕಪಕ್ಕ ಇರೋರೂ ನಿಮ್ ಥರಾನೇ ಟೂರಿಸ್ಟ್‌ಗಳು, ಇಲ್ಲಿ ಮಾತ್ರ ಊರಿಗೆ ಊರೇ ಮನೆ ಬಿಟ್ಟು ಬಂದಿರುತ್ತೆ.

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ಇಲ್ಲಿ ಫುಟ್ಬಾಲ್ ಅಂದ್ರೆ ನಮ್ಮ ಫುಟ್ಬಾಲ್ ಅಲ್ಲ, ಅದನ್ನ ಇವರು ಸಾಕರ್ ಅಂತಾರೆ. ಇದು ಉದ್ದುದ್ದ ಚೆಂಡನ್ನ ಕಂಕುಳಲ್ಲಿ ಇಟ್ಕೊಂಡು ಓಡೋ ಆಟ, ಇಲ್ಲಾ ದೂರ ಎಸೆಯೋ ಆಟ. ಈ ಕಡೆ 11 ಜನ ಆ ಕಡೆ 11 ಜನ, ನಾಲ್ಕು ಚಾನ್ಸ್ ಒಳಗೆ ಹತ್ತು ಗಜ ಮುಂದೆ ಹೋಗ್ಬೇಕು, ಹೋದ್ರೆ ಮತ್ತೆ ನಾಲ್ಕು ಚಾನ್ಸ್, ಹೋಗಲಿಲ್ಲಾಂದ್ರೆ ಚೆಂಡು ಅವರ ಕೈಗೆ. ಕಬಡ್ಡಿ ನೋಡಿ ಬೆಳೆದೋರಿಗೆ ಅರ್ಧ ಗಂಟೇಲಿ ಅರ್ಥ ಆಗುತ್ತೆ, ಅದೇ ಗೆರೆ, ಅದೇ ಹಿಡಿಯೋದು, ಕೆಡವೋದು, ಒಂದು ಬೆರಳು ಗೆರೆ ದಾಟಿತಾ ಇಲ್ವಾ ಅಂತ ಅದೇ ಜಗಳ. ದುಡ್ಡಿನ ಲೀಗ್ ಆಟ ಭಾನುವಾರ, ಕಾಲೇಜ್ ಆಟ ಶನಿವಾರ. ಬಹಳಷ್ಟು ಕಡೆ ಸ್ಟೇಡಿಯಂ ಆಯಾ ಯೂನಿವರ್ಸಿಟೀದೇ, ಕ್ಯಾಂಪಸ್‌ನಲ್ಲೇ ಇಲ್ಲಾ ಪಕ್ಕದಲ್ಲೇ ಇರುತ್ತೆ, ಕ್ಲಾಸಿಗೆ ಹೋಗೋ ಹುಡುಗರೇ ಆಡೋದು, ಈಗ ಕೆಲವು ವರ್ಷದಿಂದ ಅವರಿಗೂ ದುಡ್ಡು ಬರ್ತಿದೆ ಅದು ಬೇರೆ ವಿಷಯ.

ನಾನಿರೋ ಕ್ಯಾಂಟನ್‌ನಿಂದ ಮಿಷಿಗನ್ ಯೂನಿವರ್ಸಿಟಿ ಇರೋ ಆ್ಯನ್ ಆರ್ಬರ್ ಊರಿಗೆ ಕಾರಲ್ಲಿ ಅರ್ಧ ಗಂಟೆ ದಾರಿ. ಮಿಷಿಗನ್ ಸ್ಟೇಡಿಯಂ, ಎಲ್ಲರೂ ಬಿಗ್ ಹೌಸ್ ಅಂತಾರೆ, 1927ರಲ್ಲಿ ಶುರುವಾಗಿದ್ದು, ಸೀಟು 1,07,601. ಆ ಕೊನೇ ಒಂದು ಸೀಟಿಗೆ ಒಂದು ಕಥೆ ಇದೆ, ಫ್ರಿಟ್ಜ್ ಕ್ರೈಸ್ಲರ್ ಅಂತ ಹಳೇ ಕೋಚ್ ಇದ್ರಲ್ಲ ಅವರ ಗೌರವಕ್ಕೆ ಅಂತ ಒಂದು ಸೀಟು ಜಾಸ್ತಿ ಲೆಕ್ಕ, ಅದು ಯಾವ ಸೀಟು ಅಂತ ಯಾರಿಗೂ ಹೇಳಲ್ಲ. ಸ್ಟೇಡಿಯಂನ ಎಷ್ಟೋ ಪಾಲು ನೆಲದ ಕೆಳಗೇ ಇದೆ, ಬಾವಿ ತೋಡಿದ ಹಾಗೆ ತೋಡಿ ಕಟ್ಟಿದ್ದಾರೆ, ಹೊರಗಿಂದ ನೋಡಿದ್ರೆ ಇದೇನಾ ಅಷ್ಟು ದೊಡ್ಡದು ಅನ್ನಿಸುತ್ತೆ, ಗೇಟ್ ದಾಟಿ ಒಳಗೆ ಕಾಲಿಟ್ಟ ಕೂಡ್ಲೇ ಕಾಲಡಿಯಿಂದ ಕೆಳಗಿಳಿದು ಇಳಿದು ಹೋಗಿರೋ ಸಾಲುಗಳು, ತಳದಲ್ಲಿ ಹಸಿರು ಮೈದಾನ. ನಮ್ಮ ಕಡೆ ಕಲ್ಯಾಣಿ ಮೆಟ್ಟಿಲ ಮೇಲೆ ನಿಂತು ನೀರು ನೋಡ್ತೀವಲ್ಲ ಹಾಗೆ. 2013ರ ಸೆಪ್ಟೆಂಬರ್ 7ರ ರಾತ್ರಿ ನೋಟ್ರ್ ಡೇಮ್ ಯೂನಿವರ್ಸಿಟಿ ಮೇಲೆ ಆಟ ಇದ್ದಾಗ ಇಲ್ಲಿ ಸೇರಿದ್ದು 1,15,109 ಜನ.

2019ರಲ್ಲಿ ಅಪ್ಪ ಬಂದಿದ್ರು. ಅಪ್ಪ ತಿಪಟೂರು ಕಡೆ ಹೈಸ್ಕೂಲಲ್ಲಿ ಪಿಟಿ ಮೇಷ್ಟ್ರಾಗಿದ್ದು ರಿಟೈರ್ ಆದೋರು, ಖೋಖೋ ಟೀಮ್ ಕಟ್ಟಿ ಜಿಲ್ಲಾ ಮಟ್ಟಕ್ಕೆ ಕರ್ಕೊಂಡು ಹೋಗ್ತಿದ್ದೋರು. ಇಲ್ಲಿ ಬಂದು ಒಂದು ತಿಂಗಳಲ್ಲಿ ಬೇಜಾರಾಗೋಗಿತ್ತು, ವಾಕಿಂಗ್ ಹೋದ್ರೆ ರಸ್ತೇಲಿ ಒಬ್ರೂ ಸಿಗಲ್ಲ, ಎಲ್ಲಾ ಮನೆ ಬಾಗಿಲು ಹಾಕಿರುತ್ತೆ, ಇಲ್ಲಿ ಜನ ಇದ್ದಾರೇನೋ ಅಂತ ಕೇಳ್ತಿದ್ರು. ಅಕ್ಟೋಬರ್ 5, ಶನಿವಾರ, ಆಗ ನವರಾತ್ರಿ, ಮನೇಲಿ ಗೊಂಬೆ ಕೂರ್ಸಿದ್ವಿ, ಬೆಳಿಗ್ಗೆ ಪೂಜೆ ಮುಗಿಸಿ ಹೆಂಡತಿ ಚಿತ್ರಾನ್ನ ಕಟ್ಟಿಕೊಟ್ಲು, ಅಪ್ಪನ್ನ ಕರ್ಕೊಂಡು ಹೊರಟೆ. ಆವತ್ತು ಮಿಷಿಗನ್‌ಗೆ ಅಯೋವಾ ಮೇಲೆ ಆಟ.

ಹೂವರ್ ಸ್ಟ್ರೀಟಲ್ಲಿ ನಡೀತಾ ಹೋದ್ರೆ ಎರಡೂ ಕಡೆ ಹುಡುಗರ ಬಾಡಿಗೆ ಮನೆಗಳು, ಜಗಲಿ ಮೇಲೆಲ್ಲಾ ಜನ, ಕಾರಿನ ಡಿಕ್ಕಿ ತೆಗೆದು ಒಲೆ ಹಚ್ಚಿ ಅಡುಗೆ ಮಾಡ್ಕೊಂಡು ತಿಂತಾ ಕೂತಿರೋರು, ಇದಕ್ಕೆ ಟೇಲ್‌ಗೇಟ್ ಅಂತಾರೆ, ಗಾಲ್ಫ್ ಆಡೋ ಮೈದಾನ ಕೂಡ ಆವತ್ತು ಕಾರ್ ಪಾರ್ಕಿಂಗ್. ಅಪ್ಪ ರಸ್ತೆ ಮಧ್ಯದಲ್ಲೇ ನಿಂತು ಹಿಂದೆ ಮುಂದೆ ನೋಡಿ, ಇಷ್ಟೊಂದು ಜನ ಎಲ್ಲಿ ಬಚ್ಚಿಟ್ಕೊಂಡಿದ್ರೋ ಇಷ್ಟು ದಿನ ಅಂದ್ರು. ಒಳಗೆ ಹೋದ್ಮೇಲೆ ಬ್ಯಾಂಡ್ ಬಂತು, 200ಕ್ಕಿಂತ ಜಾಸ್ತಿ ಹುಡುಗ ಹುಡುಗೀರು ಮೊಣಕಾಲು ಎದೆ ತನಕ ಎತ್ತಿ ಓಡ್ತಾ ಬಂದು ಮೈದಾನದ ಮೇಲೆ ಅಕ್ಷರ ಕಟ್ಟಿದ್ರು, ಬನ್ನಿಮಂಟಪದ ಪಂಜಿನ ಕವಾಯತು ನೋಡಿರೋ ಅಪ್ಪ ಸೀಟು ಬಿಟ್ಟು ಎದ್ದು ನಿಂತ್ರು. ಆದ್ರೆ ಅವರು ಜಾಸ್ತಿ ಹೊತ್ತು ನೋಡಿದ್ದು ಗೆರೆಗಳನ್ನ. ಐದೈದು ಗಜಕ್ಕೆ ಒಂದು ಬಿಳಿ ಗೆರೆ, ಒಂದಿಷ್ಟೂ ಸೊಟ್ಟ ಇಲ್ಲ. ಅಪ್ಪ ಸ್ಕೂಲ್ ಡೇ ಹಿಂದಿನ ಸಂಜೆ ಬಕೆಟ್ಟಲ್ಲಿ ಸುಣ್ಣ ಇಟ್ಕೊಂಡು, ಎರಡು ಗೂಟಕ್ಕೆ ದಾರ ಕಟ್ಟಿ, ಇಬ್ಬರು ಹುಡುಗರ ಕೈಲಿ ದಾರ ಬಿಗಿಯಾಗಿ ಹಿಡಿಸಿ, ಬಗ್ಗಿಕೊಂಡೇ ಹಿಂದಕ್ಕೆ ಹಿಂದಕ್ಕೆ ಹೋಗ್ತಾ ಮುಷ್ಟೀಲಿ ಸುಣ್ಣ ಬಿಡ್ತಿದ್ದೋರು, ಆ ಹುಡುಗರಲ್ಲಿ ಎಷ್ಟೋ ಸಲ ನಾನೂ ಒಬ್ಬ. ಇಲ್ಲಿದು ನಿಜವಾದ ಹುಲ್ಲಲ್ಲ ಅಪ್ಪ, ಕೃತಕ ಅಂದಾಗ ಅವರಿಗೆ ಸ್ವಲ್ಪ ಬೇಜಾರೇ ಆಯ್ತು, ಹಾಗಾದ್ರೆ ಗೆರೆ ಎಳೆಯೋ ಮೇಷ್ಟ್ರು ಇಲ್ವಾ ಅಂದ್ರು.

ನಮ್ಮ ಮುಂದಿನ ಸಾಲಲ್ಲಿ ಅಯೋವಾದಿಂದ ಬಂದ ಗಂಡ ಹೆಂಡತಿ ಕೂತಿದ್ರು, ಕಪ್ಪು ಹಳದಿ ಜರ್ಸಿ, ಅರವತ್ತು ದಾಟಿದ ವಯಸ್ಸು, ರೈತರು. ಸುತ್ತಾ ಸಾವಿರಾರು ಜನ ನೀಲಿ ಹಾಕಿದ್ರೆ ಇವರಿಬ್ರೇ ಬೇರೆ, ಆದ್ರೂ ಯಾರೂ ಒಂದು ಮಾತು ಅನ್ಲಿಲ್ಲ. ಮೆಕ್ಕೆಜೋಳ, ಸೋಯಾ ಬೆಳೀತಾರಂತೆ. ಅಪ್ಪಂಗೆ ಇಂಗ್ಲಿಷ್ ಸ್ವಲ್ಪ ತಡವರಿಕೆ, ಆದ್ರೆ ಬೆಳೆ ಮಾತು ಬಂದ್ಮೇಲೆ ಯಾವ ಭಾಷೆ ಬೇಕು, ಅವರು ಫೋನಲ್ಲಿ ಕಟಾವು ಮಷಿನ್ ಫೋಟೋ ತೋರ್ಸಿದ್ರು, ಅಪ್ಪ ತೆಂಗಿನ ತೋಟದ ಫೋಟೋ ತೋರ್ಸಿ ಎಷ್ಟು ಮರ, ಕೊಬ್ಬರಿಗೆ ಎಷ್ಟು ರೇಟು ಅಂತೆಲ್ಲಾ ಹೇಳಿದ್ರು, ನಾನು ಮಧ್ಯ ಮಧ್ಯ ಟ್ರಾನ್ಸ್‌ಲೇಟ್ ಮಾಡ್ತಿದ್ದೆ. ಆಟ ಬಿಗಿಯಾಗಿತ್ತು, ನಾವು 10-3ರಲ್ಲಿ ಗೆದ್ವಿ. ಏಳೋವಾಗ ಆ ಹೆಂಗಸು ಅಪ್ಪನ ಕೈ ಹಿಡ್ಕೊಂಡು, ನಮ್ಮೂರಿಗೆ ಬನ್ನಿ, ಇನ್ನು ಎರಡು ವಾರಕ್ಕೆ ನಮ್ಮನೇಲಿ ಅಂದ್ರೆ ನಮ್ಮೂರಲ್ಲೇ ಆಟ ಇದೆ, ನಮ್ಮ ಸ್ಟೇಡಿಯಂನಲ್ಲಿ ನೀವು ನೋಡ್ಲೇಬೇಕಾದ್ದು ಒಂದಿದೆ ಅಂದ್ರು. ಏನು ಅಂತ ಹೇಳ್ಲಿಲ್ಲ. ನಂಗೆ ಗೊತ್ತಿತ್ತು, ನಾನೂ ಹೇಳ್ಲಿಲ್ಲ.

ಹೋದ್ವಿ. ಏಳು ಗಂಟೆ ಡ್ರೈವ್, ಶುಕ್ರವಾರ ಸಂಜೆ ಹೊರಟು ರಾತ್ರಿ ಅಯೋವಾ ಸಿಟಿ ಹೊರಗೆ ಒಂದು ಮೋಟೆಲ್ಲಲ್ಲಿ ಮಲಗಿ ಶನಿವಾರ ಬೆಳಿಗ್ಗೆ ಚಳೀಲಿ ಅಪ್ಪಂಗೆ ಮಂಕಿ ಕ್ಯಾಪ್ ಹಾಕ್ಸಿ ಕಿನ್ನಿಕ್ ಸ್ಟೇಡಿಯಂ ಹತ್ರ ಹೋದ್ರೆ ಆ ಗಂಡ ಹೆಂಡತಿ ಅವರ ಪಿಕಪ್ ಟ್ರಕ್ ಹಿಂದೆ ಎರಡು ಮಡಚೋ ಕುರ್ಚಿ ನಮಗೇ ಅಂತ ಎತ್ತಿಟ್ಟಿದ್ರು. ನಾವು ಮಾಂಸ ತಿನ್ನಲ್ಲ ಅಂತ ಕೇಳಿ ನೆನಪಿಟ್ಕೊಂಡು ಜೋಳದ ತೆನೆ ಸುಟ್ಟು ಕೊಟ್ರು, ನಾವು ಕೋಡುಬಳೆ ಡಬ್ಬಿ ಕೊಟ್ವಿ, ಪಕ್ಕದ ನಾಲ್ಕು ಟ್ರಕ್ಕಿನೋರೂ ಬಂದು ಖಾಲಿ ಮಾಡಿದ್ರು.

ಕಿನ್ನಿಕ್ ದೊಡ್ಡ ಸ್ಟೇಡಿಯಂ ಏನಲ್ಲ, 69 ಸಾವಿರ ಚಿಲ್ಲರೆ. ನೈಲ್ ಕಿನ್ನಿಕ್ ಅಂತ ಹುಡುಗನ ಹೆಸರು ಅದು, 1939ರಲ್ಲಿ, ಕಾಲೇಜ್ ಫುಟ್ಬಾಲ್‌ನ ವರ್ಷದ ಅತ್ಯುತ್ತಮ ಆಟಗಾರಂಗೆ ಕೊಡೋ ಹೈಸ್ಮನ್ ಟ್ರೋಫಿ ಗೆದ್ದೋನು, ಓದಿನಲ್ಲೂ ಮುಂದೆ, 1943ರಲ್ಲಿ ನೌಕಾಪಡೆ ವಿಮಾನದ ತರಬೇತಿ ಹಾರಾಟದಲ್ಲಿ ಸಮುದ್ರಕ್ಕೆ ಬಿದ್ದು ತೀರ್ಕೊಂಡ, ಆಗಿನ್ನೂ 24 ವರ್ಷ. ಸ್ಟೇಡಿಯಂ ಮುಂದೆ ಅವನ ಕಂಚಿನ ಪ್ರತಿಮೆ ಇದೆ. ಪಕ್ಕದಲ್ಲೇ ಸ್ಟೇಡಿಯಂಗಿಂತ ಎತ್ತರಕ್ಕೆ ಒಂದು ಕಟ್ಟಡ, ಯೂನಿವರ್ಸಿಟಿಯ ಮಕ್ಕಳ ಆಸ್ಪತ್ರೆ, 2017ರಲ್ಲಿ ತೆಗೆದಿದ್ದು. ಅದರ ಮೇಲಿನ ಮಹಡಿಗಳಿಂದ ಮೈದಾನ ಚೆನ್ನಾಗಿ ಕಾಣುತ್ತೆ, ವಾರಗಟ್ಟಲೆ ತಿಂಗಳುಗಟ್ಟಲೆ ಅಲ್ಲೇ ಇರೋ ಮಕ್ಕಳು, ಕ್ಯಾನ್ಸರ್ ಇರೋ ಮಕ್ಕಳು, ಆಪರೇಷನ್ ಆದ ಮಕ್ಕಳು, ಕಿಟಕಿ ಹತ್ರ ಬಂದು ಆಟ ನೋಡ್ತಾರೆ.

ಮೊದಲ ಕ್ವಾರ್ಟರ್, ಅಂದ್ರೆ ಆಟದ ನಾಲ್ಕು ಭಾಗದಲ್ಲಿ ಮೊದಲನೇದು, ಮುಗೀತು. ಆಟಗಾರರು ನಿಂತ್ರು, ಇಡೀ ಸ್ಟೇಡಿಯಂ ಎದ್ದು ನಿಂತು ಮೈದಾನಕ್ಕೆ ಬೆನ್ನು ತಿರುಗಿಸಿ ಆ ಕಟ್ಟಡದ ಕಡೆ ನೋಡ್ತಾ ಕೈ ಎತ್ತಿ ಬೀಸೋಕೆ ಶುರು ಮಾಡಿದ್ರು. 69 ಸಾವಿರ ಜನ. ಕೂಗಾಟ ಇಲ್ಲ, ಶಿಳ್ಳೆ ಇಲ್ಲ, ಬರೀ ಕೈ. ಬ್ಯಾಂಡಿನ ಹುಡುಗರು, ಪೊಲೀಸರು, ಪಾಪ್‌ಕಾರ್ನ್ ಮಾರೋ ಹುಡುಗ, ಪಟ್ಟೆ ಅಂಗಿ ಹಾಕಿರೋ ರೆಫರಿಗಳು, ಕೆಳಗೆ ಎದುರಾಳಿ ಪರ್ಡ್ಯೂ ಟೀಮಿನ ಹುಡುಗರು ಹೆಲ್ಮೆಟ್ ಕೈಲಿ ಹಿಡ್ಕೊಂಡು. ಮೇಲೆ ಗಾಜಿನ ಹಿಂದೆ ಚುಕ್ಕಿ ಚುಕ್ಕಿ ಥರ ಮಕ್ಕಳು, ಅವರ ಕೈ ಕಾಣ್ತಿತ್ತು, ಪಕ್ಕದಲ್ಲಿ ದೊಡ್ಡೋರು ಎತ್ಕೊಂಡಿರೋದೂ ಕಾಣ್ತಿತ್ತು. ಅದು ಯಾವುದು ಕಟ್ಟಡ ಅಂತ ಅಪ್ಪಂಗೆ ಆಗ ಹೇಳಿದೆ. ಅಪ್ಪ ಮಂಕಿ ಕ್ಯಾಪ್ ತೆಗೆದು, ಆ ಕ್ಯಾಪನ್ನೇ ಕೈಲಿ ಹಿಡಿದು ಬೀಸಿದ್ರು, ಎಲ್ಲರೂ ಕೂತ್ಮೇಲೂ ಬೀಸ್ತಾನೇ ಇದ್ರು, ಹಿಂದಿನೋರು ಏನೂ ಅನ್ಲಿಲ್ಲ. ಆಮೇಲೆ ಕೂತು ತುಂಬಾ ಹೊತ್ತು ಮಾತಾಡ್ಲಿಲ್ಲ, ಎರಡನೇ ಕ್ವಾರ್ಟರ್ ಅರ್ಧ ಆದ್ಮೇಲೆ, ಎದುರು ಟೀಮಿನ ಹುಡುಗರೂ ಬೀಸಿದ್ರು ನೋಡ್ದೇನೋ ಅಂದ್ರು ಅಷ್ಟೇ. ಆವತ್ತು ಅಯೋವಾ 26-20ರಲ್ಲಿ ಗೆಲ್ತು.

ಈ ಪದ್ಧತಿ ಶುರುವಾಗಿದ್ದೂ 2017ರಲ್ಲೇ, ಒಬ್ಬ ಸಾಮಾನ್ಯ ಅಭಿಮಾನಿ ಹೀಗೆ ಮಾಡೋಣ ಅಂತ ಫೇಸ್‌ಬುಕ್‌ನಲ್ಲಿ ಹೇಳಿದ್ದು ಊರಿಗೆಲ್ಲಾ ಹಿಡಿಸ್ತು. ನಾನು ಬೇರೆ ಬೇರೆ ಊರಿನ ಹನ್ನೊಂದು ಸ್ಟೇಡಿಯಂ ನೋಡಿದ್ದೀನಿ, ಒಂದೇ ಒಂದಕ್ಕೆ ಹೋಗೋಕಾಗೋದು ಅಂದ್ರೆ ಇದಕ್ಕೆ ಹೋಗಿ, ನಮ್ಮ ಮಿಷಿಗನ್ ಬಿಟ್ಟು ಇದನ್ನ ಹೇಳ್ತಿದ್ದೀನಿ.

ದೊಡ್ಡದು, ಗದ್ದಲ, ಜಗಳ ಬೇಕು ಅನ್ನೋರಿಗೆ ಪಕ್ಕದ ಒಹಾಯೋ ರಾಜ್ಯದ ಕೊಲಂಬಸ್ ಇದೆ. ಒಹಾಯೋ ಸ್ಟೇಡಿಯಂ 1922ರದ್ದು, ಕುದುರೆ ಲಾಳದ ಆಕಾರ, ಒಂದು ಲಕ್ಷಕ್ಕೂ ಮೇಲೆ ಜನ ಹಿಡಿಯುತ್ತೆ. ನಮಗೂ ಅವರಿಗೂ ಇರೋ ವೈರ ಆಟಕ್ಕಿಂತ ಹಳೇದು, 1835ರ ಸುಮಾರಿಗೆ ಟೊಲೆಡೊ ಊರು ಯಾರಿಗೆ ಸೇರ್ಬೇಕು ಅಂತ ಎರಡೂ ಕಡೆಯೋರು ಸೈನ್ಯ ಕಟ್ಕೊಂಡು ನಿಂತಿದ್ರು, ಬೆಳಗಾವಿ ವಿಷಯ ಗೊತ್ತಿರೋ ನಮಗೆ ಗಡಿ ಜಗಳ ಅಂದ್ರೆ ಏನು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ನವೆಂಬರ್ ಕೊನೇ ಶನಿವಾರ ಇವರಿಬ್ಬರ ಆಟ, ಆ ವಾರ ಪೂರ್ತಿ ಕೊಲಂಬಸ್ ಕ್ಯಾಂಪಸ್‌ನಲ್ಲಿ ಬೋರ್ಡುಗಳ ಮೇಲಿರೋ ಎಂ ಅಕ್ಷರಕ್ಕೆಲ್ಲಾ ಕೆಂಪು ಟೇಪ್ ಅಂಟಿಸಿ ಹೊಡೆದುಹಾಕಿರ್ತಾರೆ, ಮಿಷಿಗನ್ ಅಂತ ಹೆಸರು ಕೂಡ ಎತ್ತಲ್ಲ. 2022ರಲ್ಲಿ ನಾನು ನಮ್ಮ ಟೀಮಿನ ಹಳದಿ ಟೋಪಿ ಹಾಕ್ಕೊಂಡೇ ಹೋದೆ, ದಾರಿ ಉದ್ದಕ್ಕೂ ಬೈಸ್ಕೊಂಡೆ, ಆಟ ನಾವು 45-23ರಲ್ಲಿ ಗೆದ್ವಿ, ವಾಪಸ್ ಬರೋವಾಗ ಬೆಳಿಗ್ಗೆ ಬೈದಿದ್ದ ಒಬ್ಬ ಮುದುಕರೇ ಬಂದು ಕೈ ಕುಲುಕಿ ಹುಷಾರಾಗಿ ಡ್ರೈವ್ ಮಾಡ್ಕೊಂಡು ಹೋಗು ಅಂದ್ರು. ಆದ್ರೆ ಅಲ್ಲಿ ನೋಡ್ಬೇಕಾದ್ದು ಬ್ಯಾಂಡು. ಸಾಲಾಗಿ ಒಬ್ರ ಹಿಂದೆ ಒಬ್ರು ನುಡಿಸ್ತಾ ನಡೀತಾ ಮೈದಾನದ ಮೇಲೆ ಕೂಡಕ್ಷರದಲ್ಲಿ ಒಹಾಯೋ ಅಂತ ಇಂಗ್ಲಿಷಲ್ಲಿ ಬರೀತಾರೆ, 1936ರಿಂದ ನಡ್ಕೊಂಡು ಬಂದಿದೆ, ಕೊನೇಲಿ ಮೈಗೆ ಸುತ್ಕೊಂಡಿರೋ ದೊಡ್ಡ ಹಿತ್ತಾಳೆ ಕಹಳೆ, ಸೂಸಫೋನ್ ಅಂತಾರೆ, ಅದನ್ನ ನುಡಿಸೋ ಒಬ್ಬರು ಎದೆ ಎತ್ಕೊಂಡು ಹೆಜ್ಜೆ ಹಾಕ್ಕೊಂಡು ಬಂದು ಐ ಅಕ್ಷರದ ಚುಕ್ಕಿ ಜಾಗದಲ್ಲಿ ನಿಂತು ಟೋಪಿ ತೆಗೆದು ಆ ಕಡೆ ಈ ಕಡೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡ್ತಾರೆ, ಆ ಚುಕ್ಕಿ ಆಗೋಕೆ ವರ್ಷಗಟ್ಟಲೆ ಕಾದಿರ್ತಾರೆ. ವೈರಿ ಊರು ನಮಗೆ, ಆದ್ರೂ ಆ ಹೊತ್ತಲ್ಲಿ ನಾನು ಚಪ್ಪಾಳೆ ಹೊಡೀದೇ ಇರೋಕಾಗ್ಲಿಲ್ಲ.

ಇದಕ್ಕೆ ಪೂರ್ತಿ ಉಲ್ಟಾ ನೆಬ್ರಾಸ್ಕಾದ ಲಿಂಕನ್. ಅಲ್ಲಿ ಎದುರಾಳಿ ಅಂದ್ರೆ ಮನೆಗೆ ಬಂದ ನೆಂಟ. 2023ರ ಸೆಪ್ಟೆಂಬರ್ ಕೊನೇಲಿ ನಮ್ಮ ಟೀಮ್ ಅವರನ್ನ ಅವರೂರಲ್ಲೇ 45-7ರಲ್ಲಿ ಹೊಡೀತು, ನಮ್ಮ ಹುಡುಗರು ಒಳಗೆ ಹೋಗೋವಾಗ ಮೂಲೇಲಿ ಕೂತಿದ್ದ ಕೆಂಪು ಅಂಗಿಯೋರು ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಸೋತು ಸುಣ್ಣ ಆದ ದಿನವೂ ಹೀಗೆ ಮಾಡೋಕೆ ಮನಸ್ಸು ದೊಡ್ಡದಿರಬೇಕು. 1962ರಿಂದ ಈ ತನಕ ಅಲ್ಲಿ ಒಂದು ಆಟಕ್ಕೂ ಟಿಕೆಟ್ ಉಳಿದ ಲೆಕ್ಕ ಇಲ್ಲ, ಆಟದ ದಿನ ಆ ಸ್ಟೇಡಿಯಮ್ಮೇ ಆ ರಾಜ್ಯದ ಮೂರನೇ ದೊಡ್ಡ ಊರು ಅಂತಾರೆ. ಸುತ್ತ ನೋಡಿದ್ರೆ ಬರೀ ಹೊಲ, ಬೇರೆ ದೊಡ್ಡ ಟೀಮ್ ಯಾವುದೂ ಆ ರಾಜ್ಯದಲ್ಲಿ ಇಲ್ಲ, ಇದೊಂದೇ ಅವರಿಗೆ.

ಸಿಯಾಟಲ್‌ನಲ್ಲಿ ಮಕ್ಕಳಿರೋ ಕನ್ನಡದೋರು ಎಷ್ಟೊಂದು ಜನ ಇದ್ದಾರೆ, ಅವರು ಹಸ್ಕಿ ಸ್ಟೇಡಿಯಂ ನೋಡದೇ ವಾಪಸ್ ಹೋಗ್ಬೇಡಿ. ಲೇಕ್ ವಾಷಿಂಗ್ಟನ್ ದಂಡೆ ಮೇಲೇ ಇದೆ, ಜನ ದೋಣಿ ಕಟ್ಕೊಂಡು ಆಟಕ್ಕೆ ಬರ್ತಾರೆ, ದೋಣೀಲೇ ಊಟ ತಿಂಡಿ, ನಿಮಗೆ ದೋಣಿ ಬೇಡ, ಲೈಟ್ ರೈಲ್ ಸ್ಟೇಷನ್ ಸ್ಟೇಡಿಯಂ ಪಕ್ಕದಲ್ಲೇ. ಅಲ್ಲಿನ ವಾಷಿಂಗ್ಟನ್ ಯೂನಿವರ್ಸಿಟಿ ಟೀಮ್ 2024ರಿಂದ, ಹೆಚ್ಚಾಗಿ ತಮ್ಮತಮ್ಮಲ್ಲೇ ಆಡೋ ಟೀಮುಗಳ ನಮ್ಮ ಬಿಗ್ ಟೆನ್ ಗುಂಪಿಗೆ ಸೇರಿದೆ, ಹೆಸರು ಬಿಗ್ ಟೆನ್ ಆದ್ರೂ ಈಗ 18 ಟೀಮು, ಎರಡು ಸಮುದ್ರಕ್ಕೂ ಹಬ್ಬಿದೆ. ಆಟಗಾರ ಹುಡುಗರಿಗೆ ಇಷ್ಟು ದೂರ ಓಡಾಡ್ಸೋದು ನಂಗೆ ಇಷ್ಟ ಇಲ್ಲ, ಓದೋ ಮಕ್ಕಳು ಅವರು. ಆದ್ರೆ ಅದರಿಂದಾಗೇ ನಾನು 2024ರಲ್ಲಿ ತಂಗಿ ಮನೆಗೆ ಹೋದಾಗ ನಮ್ಮ ಆಟಾನೂ ನೋಡಿದೆ, ಅದೂ ಅಕ್ಟೋಬರ್ 5, ಅದೂ ನವರಾತ್ರಿ, ಅಪ್ಪನ ಜೊತೆ ಹೋಗಿ ಸರಿಯಾಗಿ ಐದು ವರ್ಷ. ನಾವು 27-17ರಲ್ಲಿ ಸೋತ್ವಿ. ಸಂಜೆ ಸೂರ್ಯ ಇಳಿಯೋವಾಗ ಕೆರೆ ನೀರೆಲ್ಲಾ ಬಣ್ಣ, ತಂಗಿ ಮಕ್ಕಳು ವಾಷಿಂಗ್ಟನ್ ಟೀಮಿನ ನೇರಳೆ ಬಣ್ಣದ ಅಂಗಿ ಹಾಕ್ಕೊಂಡು ಮಾವನ್ನ ರೇಗಿಸಿದ್ದೇ ರೇಗಿಸಿದ್ದು.

ಲೂಸಿಯಾನದ ಬ್ಯಾಟನ್ ರೂಜ್‌ಗೆ ಆಫೀಸ್ ಕೆಲಸದ ಮೇಲೆ ಹೋಗಿದ್ದೆ, ಅಲ್ಲಿ ಸಹೋದ್ಯೋಗಿ ಒಬ್ರು ಎಲ್‌ಎಸ್‌ಯು ಅಂದ್ರೆ ಲೂಸಿಯಾನ ಸ್ಟೇಟ್ ಯೂನಿವರ್ಸಿಟಿಯ ರಾತ್ರಿ ಆಟಕ್ಕೆ ಕರ್ಕೊಂಡು ಹೋದ್ರು. ಟೈಗರ್ ಸ್ಟೇಡಿಯಂ 1924ರಿಂದ ಇದೆ, ಸ್ಟೇಡಿಯಂ ಎದುರಿಗೆ ನಿಜವಾದ ಹುಲಿ ಇದೆ, ಮೈಕ್ ಅಂತ ಹೆಸರು, ಅದಕ್ಕೆ ಅಂತ ದೊಡ್ಡ ಜಾಗ, ನೀರು, ಗಿಡ ಎಲ್ಲಾ ಮಾಡಿಕೊಟ್ಟಿದ್ದಾರೆ. ನಾಗರಹೊಳೆ ಇರೋ ನಾಡಿಂದ ಬಂದ ನಮಗೆ ಹುಲಿ ಕಾಡಲ್ಲೇ ಇರ್ಲಿ ಅನ್ಸುತ್ತೆ, ಹೇಳಿದೆ ಅವರಿಗೂ. ಆದ್ರೆ ಆ ಸದ್ದು! 1988ರ ಅಕ್ಟೋಬರ್ 8ರಂದು ಆಬರ್ನ್ ಮೇಲೆ ಆಟ, ಕೊನೇ ಎರಡು ನಿಮಿಷ ಇದ್ದಾಗ ಕೊನೇ ಚಾನ್ಸಲ್ಲಿ ಟಾಮಿ ಹಾಡ್ಸನ್ ಎಸೆದ ಚೆಂಡನ್ನ ಎಡ್ಡಿ ಫುಲ್ಲರ್ ಹಿಡಿದು 7-6ಕ್ಕೆ ಗೆಲ್ಸಿದಾಗ ಜನ ಕುಣಿದಿದ್ದಕ್ಕೆ ಕ್ಯಾಂಪಸ್‌ನಲ್ಲಿದ್ದ ಭೂಕಂಪ ಅಳೆಯೋ ಯಂತ್ರದ ಮುಳ್ಳು ಅಲ್ಲಾಡಿ ಗೆರೆ ಮೂಡಿತ್ತು, ಅದಕ್ಕೇ ಅದು ಭೂಕಂಪದ ಆಟ ಅಂತಾನೇ ಹೆಸರಾಯ್ತು. ಇನ್ನೊಂದು ವಿಷಯ, ಅಲ್ಲಿ ನಿಜವಾದ ಹುಲ್ಲು, ಬೇರೆ ಕಡೆ ಹತ್ತು ಗಜಕ್ಕೊಂದು ನಂಬರ್ ಬರೆದಿದ್ರೆ ಇಲ್ಲಿ ಐದು ಗಜಕ್ಕೊಂದು ಬರೀತಾರೆ. ರಾತ್ರಿ ಹೋಟೆಲ್‌ಗೆ ಬಂದು ಅಪ್ಪಂಗೆ ಫೋನ್ ಮಾಡಿ, ಗೆರೆ ಎಳೆಯೋ ಮೇಷ್ಟ್ರು ಇಲ್ಲಿದ್ದಾರೆ ಅಂತ ಹೇಳಿದೆ.

ನ್ಯೂಜೆರ್ಸಿಗೆ ಬರೋರಿಗೆ ಒಂದು ಸುಲಭದ್ದು. ಎಡಿಸನ್ ಪಕ್ಕದ ಪಿಸ್ಕಾಟವೇಲಿ ರಟ್ಗರ್ಸ್ ಯೂನಿವರ್ಸಿಟಿ ಸ್ಟೇಡಿಯಂ ಇದೆ, ನಮ್ಮ ಜನ ದಿನಾ ಅದರ ಮುಂದೆ ಓಡಾಡ್ತಾರೆ ಒಳಗೆ ಮಾತ್ರ ಹೋಗಿರಲ್ಲ. ಈ ಆಟ ಹುಟ್ಟಿದ್ದೇ ಅದರ ಪಕ್ಕದ ಊರಲ್ಲಿ, 1869ರ ನವೆಂಬರ್ 6, ನ್ಯೂ ಬ್ರನ್ಸ್‌ವಿಕ್‌ನಲ್ಲಿ ರಟ್ಗರ್ಸ್ ಹುಡುಗರು ಪ್ರಿನ್ಸ್ಟನ್ ಹುಡುಗರನ್ನ 6-4ರಲ್ಲಿ ಸೋಲ್ಸಿದ್ದೇ ಮೊದಲ ಕಾಲೇಜ್ ಫುಟ್ಬಾಲ್ ಆಟ, ಆಗ ಒಂದೊಂದು ಕಡೆ 25 ಜನ ಆಡ್ತಿದ್ರು. ದೊಡ್ಡ ಟೀಮ್ ಬರದೇ ಇರೋ ಶನಿವಾರ ಟಿಕೆಟ್ ರೇಟೂ ಕಮ್ಮಿ.

ಈಗ ಅನುಭವದಿಂದ ಕಲಿತ ನಾಲ್ಕು ಮಾತು. ಒಂದು ಊರಲ್ಲಿ ಹೆಂಡತಿ ಹ್ಯಾಂಡ್‌ಬ್ಯಾಗ್ ತಗೊಂಡು ಹೋದ್ಲು ಅಂತ ಗೇಟಲ್ಲಿ ವಾಪಸ್ ಕಳ್ಸಿದ್ರು, ಕಾರ್ ಇದ್ದಿದ್ದು ಒಂದೂವರೆ ಮೈಲಿ ದೂರ, ಹೋಗಿ ಇಟ್ಟು ಬರೋವಷ್ಟರಲ್ಲಿ ಒಂದು ಕ್ವಾರ್ಟರ್ ಮುಗಿದಿತ್ತು, ಅವಳ ಕಣ್ಣಲ್ಲಿ ನೀರು. ಬಹಳಷ್ಟು ಕಡೆ ಒಳಗಿರೋದು ಕಾಣೋ ಥರ ಪಾರದರ್ಶಕ ಚೀಲ ಮಾತ್ರ ಬಿಡ್ತಾರೆ, ಕೆಲವು ಕಡೆ ಅದೂ ಇಲ್ಲ, ಹೊರಡೋ ಮುಂಚೆ ಆ ಸ್ಟೇಡಿಯಂನ ನಿಯಮ ಓದ್ಕೊಳ್ಳಿ, ದೊಡ್ಡೋರ ಮಾತ್ರೆ ಔಷಧಿ ಇದ್ರೆ ಅದಕ್ಕೆ ಏನು ಮಾಡ್ಬೇಕು ಅಂತ ಮೊದಲೇ ಕೇಳ್ಕೊಳ್ಳಿ. ಇನ್ನೊಂದು ಕಡೆ ಯಾರದೋ ಮನೆ ಹಿತ್ತಲಲ್ಲಿ 60 ಡಾಲರ್ ಕೊಟ್ಟು ಕಾರ್ ನಿಲ್ಲಿಸಿದ್ದೆ, ಹಿಂದೆ ಮೂರು ಸಾಲು ಕಾರ್ ಇಟ್ಟುಬಿಟ್ಟಿದ್ರು, ಹೊರಗೆ ಬರೋಕೆ ಎರಡು ಗಂಟೆ. ಸ್ವಲ್ಪ ದೂರ ನಿಲ್ಲಿಸಿ ನಡೀರಿ, ಆ ನಡಿಗೇಲೇ ಅರ್ಧ ಮಜಾ ಇದೆ.

ಸೀಟು ಅಂದ್ರೆ ಬಹಳ ಕಡೆ ಒರಗೋಕೆ ಏನೂ ಇಲ್ಲದ ಬೆಂಚು, ಸೊಂಟ ನೋವಿರೋ ಅಮ್ಮಂದಿರಿಗೆ ಕುಷನ್ ಬೇಕೇ ಬೇಕು. ನವೆಂಬರ್ ಆಟಕ್ಕೆ ಬಂದ್ರೆ ಥರ್ಮಲ್, ಎರಡು ಜೊತೆ ಕಾಲುಚೀಲ, ಕೈ ಬೆಚ್ಚಗಿಡೋ ಪ್ಯಾಕೆಟ್, ಮಂಕಿ ಕ್ಯಾಪ್ ತರೋಕೆ ನಾಚ್ಕೋಬೇಡಿ. ಹಳೇ ಅಭಿಮಾನಿಗಳು ಕಾಲಡಿ ರಟ್ಟು ಹಾಕ್ಕೋತಾರೆ, ಕಾಂಕ್ರೀಟಿನ ಚಳಿ ಮೇಲೆ ಬರಲ್ಲ. ಆ್ಯನ್ ಆರ್ಬರ್‌ನಲ್ಲಿ ಮೇಲಿನ ಸಾಲುಗಳಲ್ಲಿ ಟಿಕೆಟ್ ತಗೊಳ್ಳಿ, ಒಳಗೆ ಹೋಗೋದೇ ಮೇಲಿಂದ ಆದ್ರಿಂದ ಮಂಡಿ ನೋವಿನೋರಿಗೆ ಇಳಿದು ಹತ್ತೋ ತಾಪತ್ರಯ ಕಮ್ಮಿ. ನಮ್ಮದು ಒಹಾಯೋ ಮೇಲಿನ ಆಟಕ್ಕೆ ಟಿಕೆಟ್ ರೇಟು ಕೇಳಿದ್ರೆ ತಲೆ ತಿರುಗುತ್ತೆ, ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಸಣ್ಣ ಟೀಮುಗಳ ಮೇಲೆ ಆಡ್ತಾರಲ್ಲ ಆಗ ಬನ್ನಿ, ಬ್ಯಾಂಡು ಅದೇ, ಜನ ಅದೇ, ಬಿಸಿಲೂ ಇರುತ್ತೆ.

ಇಲ್ಲಿರೋ ನಮ್ಮ ಕನ್ನಡ ಕೂಟದೋರಿಗೂ ಒಂದು ವಿನಂತಿ ಇದೆ, ರಾಜ್ಯೋತ್ಸವ ಕಾರ್ಯಕ್ರಮ ನವೆಂಬರ್ ಶನಿವಾರ ಇಡೋದೇ ಇಡ್ತೀರಿ, ದಯವಿಟ್ಟು ಆ ವರ್ಷದ ಆಟದ ಪಟ್ಟಿ ಒಂದು ಸಲ ನೋಡಿ ಇಡಿ, ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಯಾವುದಕ್ಕೆ ಹೋಗ್ತಾರೆ ಅಂತ ನಮಗೆಲ್ಲಾ ಗೊತ್ತು, ಎರಡಕ್ಕೂ ಬರೋ ಹಾಗಾದ್ರೆ ಸಂತೋಷ.

ಸಂಪಾದಕರೇ, ಆಟಗಳು ಆಗಸ್ಟ್ ಕೊನೇಲಿ ಶುರುವಾಗಿ ನವೆಂಬರ್ ಕೊನೇ ತನಕ ನಡೀತವೆ, ಆದ್ರೆ ಒಂದೊಂದು ಊರಲ್ಲಿ ಮನೆ ಆಟ ಇರೋದು ವರ್ಷಕ್ಕೆ ಆರೋ ಏಳೋ ಶನಿವಾರ ಅಷ್ಟೇ, ಬೇರೆ ವಾರ ಅದೇ ಊರಿಗೆ ಹೋದ್ರೆ ಬೀಗ ಹಾಕಿರೋ ಗೇಟು ನೋಡಿ ಬರ್ಬೇಕು. ಜನ ವಿಮಾನದ ಟಿಕೆಟ್ ಬುಕ್ ಮಾಡೋದು ಮೂರ್ನಾಲ್ಕು ತಿಂಗಳ ಮುಂಚೆ, ಹಾಗಾಗಿ ಮುಂದಿನ ಸಲ ಆ ಪ್ರವಾಸದ ಪಟ್ಟಿ ಹಾಕೋವಾಗ ಇದನ್ನೂ ಸೇರ್ಸಿ, ಮೇ ಜೂನ್‌ನಲ್ಲೇ ಹಾಕಿ, ಮಕ್ಕಳಿಗೆ ಫೋನ್ ಮಾಡಿ ನಿಮ್ಮೂರಲ್ಲಿ ಯಾವ ಶನಿವಾರ ಆಟ ಅಂತ ಕೇಳಿ ಆಮೇಲೆ ಡೇಟ್ ಫಿಕ್ಸ್ ಮಾಡಿ ಅಂತ ಬರೀರಿ.

ಅಪ್ಪಂಗೆ ಈಗ ಮಂಡಿ ಸರಿಯಿಲ್ಲ, ಅಷ್ಟು ದೂರ ಪ್ರಯಾಣ ಬೇಡ ಅಂದಿದ್ದಾರೆ ಡಾಕ್ಟ್ರು. ಅಯೋವಾದ ಆ ಗಂಡ ಹೆಂಡತಿ ಹಬ್ಬಕ್ಕೆ ಕಾರ್ಡ್ ಕಳಿಸ್ತಾರೆ, ಕೊಬ್ಬರಿ ರೇಟು ಈ ವರ್ಷ ಹೇಗಿದೆ ಅಂತ ಕೇಳಿರ್ತಾರೆ. ಸೀಸನ್ ಶುರುವಾದ್ಮೇಲೆ ಶನಿವಾರ ಮಧ್ಯಾಹ್ನ ಊರಿಂದ ಫೋನ್ ಬರುತ್ತೆ, ಅಲ್ಲಿ ಆಗಲೇ ರಾತ್ರಿ ಹೊತ್ತು ಮೀರಿರುತ್ತೆ, ಅಪ್ಪ ಮಲಗಿರಲ್ಲ. ಈ ವಾರ ಅಯೋವಾದೋರ ಆಟ ಮನೇಲಾ ಹೊರಗಾ ಅಂತ ಕೇಳ್ತಾರೆ. ಮನೇಲಿ ಅಂದ್ರೆ, ಮೊದಲ ಕ್ವಾರ್ಟರ್ ಮುಗೀತಾ ಅಂತ ಕೇಳ್ತಾರೆ.

ಇಂತಿ ನಿಮ್ಮ ಓದುಗ,
ತಿಪಟೂರಿನವನು, ಈಗ ಕ್ಯಾಂಟನ್, ಮಿಷಿಗನ್